ತುತ್ತು ನಿಂತ ಜಾಗ

ತುಮಕೂರು ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ, ಸಾರಿನಲ್ಲಿ ಅದ್ದಿದ ತುತ್ತು ಸರಾಗವಾಗಿ ಇಳಿಯುವಷ್ಟು ದಿನ ಅನ್ನನಾಳದ ನೆನಪೇ ಬರುವುದಿಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ ಆ ನಾಳ ಗಮನಕ್ಕೆ ಬರುವುದು ತುತ್ತು ಎದೆಯಲ್ಲೇ ನಿಂತಾಗ. ಕುಣಿಗಲ್ಲಿನ ನನ್ನ ಸೋದರಮಾವನಿಗೆ ಹಾಗಾದಾಗ ಮನೆಯವರೆಲ್ಲ ಗ್ಯಾಸ್ಟ್ರಿಕ್ ಅಂದರು. ತುಮಕೂರಿನಲ್ಲಿ ಎಂಡೋಸ್ಕೋಪಿ ಮಾಡಿದ ವೈದ್ಯರಿಗೆ ಕಣ್ಣಿಗೆ ಏನೂ ಕಾಣಲಿಲ್ಲ. ಆದರೂ ನಾಳದ ಒಳಪದರದಿಂದ ಚೂರುಗಳನ್ನು ತೆಗೆದು ಬಯಾಪ್ಸಿಗೆ ಕಳಿಸಿದರು. "ಕಾಣದೇ ಇರೋದನ್ನ ಹುಡುಕೋದು ಹೆಂಗಪ್ಪ?" ಎಂದು ಮಾವ ನನ್ನನ್ನು ಕೇಳಿದರು. ವೈದ್ಯಕೀಯದ ಚರಿತ್ರೆಯೂ ಇದೇ ಪ್ರಶ್ನೆಯ ಹಿಂದೆ ಬಹಳ ದೂರ ನಡೆದಿದೆ.

1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯ ನೆಟ್ಟಗಿನ ಲೋಹದ ಕೊಳವೆಯನ್ನು ಗಂಟಲಿನಿಂದ ಜಠರದವರೆಗೆ ಇಳಿಸಿದ. ಅದನ್ನು ನುಂಗಿದವನು ಕತ್ತಿ ನುಂಗುವ ಆಟಗಾರ. ಆ ವಿದ್ಯೆ ನಮ್ಮವರಿಗೂ ಹೊಸದಲ್ಲ. ಕುಸ್‌ಮೌಲ್‌ಗಿಂತ ದಶಕಗಳ ಮೊದಲೇ ರಾಮೋ ಸಾಮಿ ಎಂಬ ಭಾರತೀಯ ಲಂಡನ್ನಿನಲ್ಲಿ ಕತ್ತಿ ನುಂಗಿ ಹೆಸರಾಗಿದ್ದ. ಕೊಳವೆ ಇಳಿಯಿತು, ಬೆಳಕು ಸಾಲಲಿಲ್ಲ. 1957ರಲ್ಲಿ ಬೇಸಿಲ್ ಹರ್ಷೋವಿಟ್ಸ್ ಗಾಜಿನ ಎಳೆಗಳ ಬಾಗುವ ಎಂಡೋಸ್ಕೋಪನ್ನು ತಾನೇ ಮೊದಲು ನುಂಗಿ ನೋಡಿದ. ಅಲ್ಲಿಂದ ಒಳಗೋಡೆ ನಿಚ್ಚಳವಾಗಿ ಕಂಡಿತು.

ಆದರೆ ಕಂಡದ್ದು ಗೋಡೆಯ ಮೇಲ್ಮೈ ಮಾತ್ರ. 1990ರ ದಶಕದಲ್ಲಿ ಪ್ರತ್ಯೇಕ ಕಾಯಿಲೆಯೆಂದು ಗುರುತಾದ ಇಯೊಸಿನೊಫಿಲಿಕ್ ಈಸೊಫೆಜೈಟಿಸ್‌ನಲ್ಲಿ ಅಲರ್ಜಿಗೆ ಸಂಬಂಧಿಸಿದ ಬಿಳಿ ರಕ್ತಕಣಗಳು ಗೋಡೆಯ ಒಳಗೆ ಸೇರಿಕೊಂಡು ಉರಿಯೂತ ಹುಟ್ಟಿಸುತ್ತವೆ. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಅಂಥ ಕಣಗಳು ಕನಿಷ್ಠ 15 ಇರಬೇಕೆಂಬುದು ರೋಗನಿರ್ಣಯದ ಲೆಕ್ಕ. ಮಾವನ ವರದಿಯಲ್ಲಿ ಅದಕ್ಕಿಂತ ಹೆಚ್ಚೇ ಇದ್ದವು.

ಗೋಡೆಯ ದಪ್ಪವನ್ನು ಅಳೆಯುವ ದಾರಿ 1980ರಲ್ಲೇ ತೆರೆದಿತ್ತು. ಆಗ ಎಂಡೋಸ್ಕೋಪಿನ ತುದಿಗೆ ಅಲ್ಟ್ರಾಸೌಂಡ್ ಸೇರಿತು. ಶಬ್ದದ ಮರುದನಿಯಿಂದ ಪದರ ಪದರವೂ ಕಾಣತೊಡಗಿತು. ಆದರೆ ಗೋಡೆ ದಪ್ಪಗಿದೆ ಎಂದಷ್ಟೇ ತಿಳಿದರೆ ಅದಕ್ಕೆ ಕಾರಣವಾದ ಕಣ ಯಾವುದೆಂದು ತಿಳಿಯುವುದಿಲ್ಲ. ಗುರಿಯಿಟ್ಟ ಅಲ್ಟ್ರಾಸೌಂಡ್ ಹುಡುಕುತ್ತಿರುವುದು ಇದನ್ನೇ. ಉರಿಯೂತದ ಗುರುತುಗಳಿಗೆ ಮಾತ್ರ ಅಂಟಿಕೊಳ್ಳುವ ಅತಿಸಣ್ಣ ಕಣಗಳನ್ನೋ ಅನಿಲದ ಗುಳ್ಳೆಗಳನ್ನೋ ದೇಹಕ್ಕೆ ಕೊಟ್ಟರೆ, ಅವು ನಿಂತಲ್ಲಿಂದ ಮರುದನಿ ಜೋರಾಗಿ ಬರುತ್ತದೆ. ಅನ್ನನಾಳದ ಮಟ್ಟಿಗೆ ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಈ ಹುಡುಕಾಟದ ಬೆಲೆ ಮಾವನಂಥವರಿಗೆ ಗೊತ್ತು. ಔಷಧಿ ಕೆಲಸ ಮಾಡಿತೇ ಎಂದು ತಿಳಿಯಲು ಅವರು ಮತ್ತೆ ಕೊಳವೆ ನುಂಗಬೇಕು, ಮತ್ತೆ ಚೂರು ಕೊಡಬೇಕು. ಅಂದು ಅದನ್ನು ನುಂಗಿದವನಿಗೆ ನುಂಗುವುದೇ ಕಸುಬಾಗಿತ್ತು. ಇಂದು ನುಂಗುವವರು ನುಂಗಲು ಕಷ್ಟವೆಂದೇ ಆಸ್ಪತ್ರೆಗೆ ಬಂದವರು.