ವಿಡಿಯೋ ಗೇಮ್ ಕ್ಯಾಸೆಟ್‌ಗೆ ಬಾಯಿಂದ ಊದಿದರೆ ಆಟ ಓಡುತ್ತದೆಯೇ?

ಟಿವಿಗೆ ವೈರ್ ಚುಚ್ಚಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮ್ ನೆನಪಿರುವವರಿಗೆ ಅದರ ಮನೆಮದ್ದೂ ನೆನಪಿರುತ್ತದೆ. ಆಟ ಶುರುವಾಗದಿದ್ದರೆ ಕ್ಯಾಸೆಟ್ ಹೊರಗೆ ತೆಗೆಯಬೇಕು, ತುದಿಗೆ ‘ಫೂ’ ಎಂದು ಊದಬೇಕು, ಮತ್ತೆ ಹಾಕಬೇಕು. ಆಟ ಓಡುತ್ತಿತ್ತು! ಅಮೆರಿಕದ ಮಕ್ಕಳೂ ಇದನ್ನೇ ಮಾಡುತ್ತಿದ್ದರು, ನಮ್ಮ ಊರಿನ ಮಕ್ಕಳೂ ಇದನ್ನೇ ಮಾಡುತ್ತಿದ್ದರು. ಈಗ ಆ ಕಾಲದ ಮಕ್ಕಳು ದೊಡ್ಡವರಾಗಿದ್ದಾರೆ. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ತಮ್ಮ ಮಕ್ಕಳಿಗೆ ಆಟ ತೋರಿಸುವಾಗ ಊದುವುದನ್ನೂ ಕಲಿಸುತ್ತಿದ್ದಾರೆ.

ಚುಟುಕಾಗಿ ಹೇಳುವುದಾದರೆ, ಆಟ ಓಡಿದ್ದು ನಿಜ. ಆದರೆ ಓಡಿಸಿದ್ದು ನಿಮ್ಮ ಉಸಿರಲ್ಲ. ಉಸಿರಿನಿಂದ ಕ್ಯಾಸೆಟ್‌ಗೆ ಹಾನಿಯೇ ಹೆಚ್ಚು. ಹೇಗೆ ಎಂದು ನೋಡೋಣ.

ಕ್ಯಾಸೆಟ್ ಒಳಗೆ ಏನಿದೆ?

ನಾವು ಕ್ಯಾಸೆಟ್ ಎನ್ನುವ ಈ ವಸ್ತುವಿನ ಸರಿಯಾದ ಹೆಸರು ಕಾರ್ಟ್ರಿಜ್. ಹಾಡಿನ ಕ್ಯಾಸೆಟ್‌ನಲ್ಲಿ ಇರುವಂತೆ ಇದರಲ್ಲಿ ಟೇಪ್ ಇಲ್ಲ. ಕುತೂಹಲದ ವಿಷಯವೆಂದರೆ ಜಪಾನಿನಲ್ಲೂ ಜನ ಇದನ್ನು ಕ್ಯಾಸೆಟ್ ಎಂದೇ ಕರೆಯುತ್ತಾರೆ.

ಪ್ಲಾಸ್ಟಿಕ್ ಡಬ್ಬಿಯನ್ನು ಬಿಚ್ಚಿದರೆ ಒಳಗೆ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್, ಅದರ ಮೇಲೆ ಕೆಲವು ಚಿಪ್‌ಗಳು ಕಾಣುತ್ತವೆ. ಆಟ ಇರುವುದು ರಾಮ್ ಅಲ್ಲದ ‘ರೋಮ್’ ಚಿಪ್‌ನಲ್ಲಿ. ಇದರಲ್ಲಿನ ಮಾಹಿತಿಯನ್ನು ಕಾರ್ಖಾನೆಯಲ್ಲೇ ಸಿಲಿಕಾನ್ ಮೇಲೆ ಮೂಡಿಸಿರುತ್ತಾರೆ. ಹಾಗಾಗಿ ಕರೆಂಟ್ ಇಲ್ಲದಿದ್ದರೂ ಅದು ಅಳಿಯುವುದಿಲ್ಲ. ಬೋರ್ಡಿನ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಲೋಹದ ಪಟ್ಟಿಗಳ ಸಾಲು ಇರುತ್ತದೆ. ಕನ್ಸೋಲ್ ಒಳಗಿನ ಪಿನ್‌ಗಳು ಈ ಪಟ್ಟಿಗಳನ್ನು ಒತ್ತಿ ಹಿಡಿದರೆ ಮಾತ್ರ ಆಟ ಓಡುತ್ತದೆ.

ಬೇಕಾದ ಆಟವನ್ನು ಬದಲಾಯಿಸಿ ಹಾಕುವ ಈ ವ್ಯವಸ್ಥೆ ಮೊದಲು ಬಂದದ್ದು 1976ರಲ್ಲಿ, ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ‘ಚಾನೆಲ್ ಎಫ್’ ಕನ್ಸೋಲ್‌ನಲ್ಲಿ. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಜೆರ್ರಿ ಲಾಸನ್ ಎಂಬ ಕಪ್ಪುವರ್ಣೀಯ ಎಂಜಿನಿಯರ್. ಮರುವರ್ಷ ಅಟಾರಿ 2600 ಬಂತು. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಫ್ಯಾಮಿಕಾಮ್’ ಬಿಡುಗಡೆ ಮಾಡಿತು. ಅದೇ ಯಂತ್ರ 1985ರಲ್ಲಿ ಹೊಸ ರೂಪದಲ್ಲಿ, ‘ಎನ್‌ಇಎಸ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ನಮ್ಮಲ್ಲಿ 90ರ ದಶಕದಲ್ಲಿ ಮನೆಮನೆಗೆ ಬಂದ ಟಿವಿ ಗೇಮ್‌ಗಳಲ್ಲಿ ಹೆಚ್ಚಿನವು ಫ್ಯಾಮಿಕಾಮ್‌ನ ನಕಲುಗಳು. ಮಾರಿಯೋ, ಕಾಂಟ್ರಾ ನಮಗೆ ಪರಿಚಯವಾದದ್ದು ಹೀಗೆ.

ಆಟ ಯಾಕೆ ಶುರುವಾಗುತ್ತಿರಲಿಲ್ಲ?

ಫ್ಯಾಮಿಕಾಮ್ ಕಾರ್ಟ್ರಿಜ್‌ನಲ್ಲಿ 60 ಸಂಪರ್ಕ ಬಿಂದುಗಳಿವೆ, ಎನ್‌ಇಎಸ್‌ನಲ್ಲಿ 72. ಇವುಗಳಲ್ಲಿ ಒಂದು ಮುಖ್ಯವಾದದ್ದು ತಾಗದಿದ್ದರೂ ಪರದೆಯ ಮೇಲೆ ಚಿತ್ರ ಕಲಸಿಹೋಗುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ತಾಗದಿರಲು ಕಾರಣಗಳು ಹಲವು. ಬೆರಳಿನ ಜಿಡ್ಡು, ಧೂಳು, ಗಾಳಿಯ ತೇವಕ್ಕೆ ಲೋಹದ ಮೇಲೆ ಕೂರುವ ಕಿಲುಬು, ವರ್ಷಗಟ್ಟಲೆ ಒತ್ತಿ ಒತ್ತಿ ಸಡಿಲವಾದ ಪಿನ್.

ಎನ್‌ಇಎಸ್‌ನಲ್ಲಿ ಈ ಕಾಟ ಹೆಚ್ಚಾಗಿತ್ತು. 1983ರ ಸುಮಾರಿಗೆ ಅಮೆರಿಕದಲ್ಲಿ ವಿಡಿಯೋ ಗೇಮ್ ವ್ಯಾಪಾರ ನೆಲಕಚ್ಚಿತ್ತು. ಅಂಗಡಿಯವರು ಗೇಮ್ ಎಂದರೆ ಬೆನ್ನು ತಿರುಗಿಸುತ್ತಿದ್ದರು. ಹಾಗಾಗಿ ನಿಂಟೆಂಡೊ ತನ್ನ ಯಂತ್ರವನ್ನು ವಿಸಿಆರ್‌ನಂತೆ ಕಾಣುವ ಹಾಗೆ ಮಾಡಿತು. ಕಾರ್ಟ್ರಿಜ್ ಅನ್ನು ಮುಂದಿನ ಬಾಗಿಲಿನಿಂದ ತಳ್ಳಿ, ಕೆಳಗೆ ಒತ್ತಬೇಕಿತ್ತು. ನೋಟ ಚೆನ್ನಾಗಿತ್ತು, ಆದರೆ ಒಳಗಿನ ಪಿನ್‌ಗಳು ಬಳಸುತ್ತಾ ಬಾಗಿ ಹಿಡಿತ ಕಳೆದುಕೊಳ್ಳುತ್ತಿದ್ದವು.

ಇದರ ಜೊತೆಗೆ ಒಂದು ಕಾವಲು ಚಿಪ್ ಕೂಡ ಇತ್ತು. ಅನುಮತಿಯಿಲ್ಲದ ಆಟಗಳನ್ನು ತಡೆಯಲು ಕನ್ಸೋಲ್‌ನಲ್ಲಿ ಒಂದು, ಕಾರ್ಟ್ರಿಜ್‌ನಲ್ಲಿ ಒಂದು ಚಿಪ್ ಇಟ್ಟಿದ್ದರು. ಎರಡೂ ಸದಾ ಮಾತಾಡಿಕೊಳ್ಳುತ್ತಿರಬೇಕು. ಸಂಪರ್ಕ ತಪ್ಪಿದರೆ ಕನ್ಸೋಲ್ ಸೆಕೆಂಡಿಗೊಮ್ಮೆ ತಾನೇ ರೀಸೆಟ್ ಆಗುತ್ತಿತ್ತು. ಕೆಂಪು ದೀಪ ಮಿಣುಕುತ್ತಿದ್ದದ್ದು ಇದಕ್ಕೇ. ಕಳ್ಳ ಆಟವನ್ನು ಹಿಡಿಯಲು ಇಟ್ಟ ಕಾವಲುಗಾರ, ಪಿನ್ ಸರಿಯಾಗಿ ತಾಗದ ಅಸಲಿ ಆಟವನ್ನೂ ಹೊರಗೆ ಹಾಕುತ್ತಿದ್ದ.

ಹಾಗಾದರೆ ಊದಿದಾಗ ಓಡಿದ್ದು ಹೇಗೆ?

ಊದುವ ಮೊದಲು ನೀವು ಏನು ಮಾಡಿದಿರಿ? ಕ್ಯಾಸೆಟ್ ಹೊರಗೆ ತೆಗೆದಿರಿ. ಊದಿದ ಮೇಲೆ? ಮತ್ತೆ ಒಳಗೆ ಹಾಕಿದಿರಿ. ನಿಜವಾದ ಕೆಲಸ ಆದದ್ದು ಈ ಎರಡರಲ್ಲಿ. ತೆಗೆದು ಹಾಕುವಾಗ ಲೋಹಕ್ಕೆ ಲೋಹ ಉಜ್ಜಿ ಕಿಲುಬಿನ ತೆಳು ಪದರ ಕೆರೆದುಹೋಗುತ್ತದೆ. ಪಿನ್‌ಗಳು ಸ್ವಲ್ಪ ಬೇರೆ ಜಾಗದಲ್ಲಿ ಕೂರುತ್ತವೆ. ಊದದೆ ಬರೀ ತೆಗೆದು ಹಾಕಿದ್ದರೂ ಹೆಚ್ಚಿನ ಸಲ ಆಟ ಓಡುತ್ತಿತ್ತು. ಆದರೆ ಹಾಗೆ ಪರೀಕ್ಷಿಸಿ ನೋಡುವ ತಾಳ್ಮೆ ಯಾವ ಮಗುವಿಗಿತ್ತು?

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಮೂರು ಕೆಲಸ ಒಟ್ಟಿಗೆ ಮಾಡಿದಾಗ, ಕಣ್ಣಿಗೆ ಎದ್ದು ಕಾಣುವ ಕೆಲಸಕ್ಕೆ ಹೆಸರು ಬರುತ್ತದೆ. ವಾರದಲ್ಲಿ ತಾನಾಗಿ ವಾಸಿಯಾಗುವ ನೆಗಡಿಗೆ ನಾಲ್ಕನೇ ದಿನ ಕುಡಿದ ಕಷಾಯ ‘ರಾಮಬಾಣ’ ಆಗುವುದೂ ಹೀಗೆಯೇ. ವಾಟ್ಸಾಪ್‌ನಲ್ಲಿ ‘ನಾನೇ ಮಾಡಿ ನೋಡಿದ್ದೇನೆ, ಕೆಲಸ ಮಾಡುತ್ತದೆ’ ಎಂಬ ಫಾರ್ವರ್ಡ್ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಅದನ್ನು ಮಾಡದೆ ಇದ್ದಿದ್ದರೆ ಏನಾಗುತ್ತಿತ್ತು?

ಊದಿದರೆ ಏನು ಹಾನಿ?

ಕನ್ನಡಿಯ ಮೇಲೆ ಊದಿ ನೋಡಿ, ಮಂಜು ಕೂರುತ್ತದೆ. ಉಸಿರಿನಲ್ಲಿ ಅಷ್ಟು ನೀರಿನ ಆವಿ ಇರುತ್ತದೆ. ಜೋರಾಗಿ ಊದಿದರೆ ಎಂಜಲಿನ ಹನಿಯೂ ಸೇರುತ್ತದೆ. ಎಂಜಲಿನಲ್ಲಿ ಲವಣಗಳಿವೆ. ಸಂಪರ್ಕ ಪಟ್ಟಿಗಳು ತಾಮ್ರದವು, ಮೇಲೆ ತೆಳುವಾದ ಲೇಪ ಇರುತ್ತದೆ. ಬಳಸಿ ಬಳಸಿ ಲೇಪ ಸವೆದ ಕಡೆ ತೇವ ಮತ್ತು ಲವಣ ಸೇರಿದರೆ ಕಿಲುಬು ಹಿಡಿಯುವುದು ಬೇಗವಾಗುತ್ತದೆ. ಅಂದರೆ ಇವತ್ತಿನ ತೊಂದರೆಗೆ ಊದಿ, ಮುಂದಿನ ವರ್ಷದ ತೊಂದರೆಗೆ ಬೀಜ ಬಿತ್ತಿದಂತೆ. ಉಸಿರಿನ ತೇವದಿಂದ ಪಿನ್‌ಗಳು ಹಾಳಾಗುತ್ತವೆ, ಊದಬೇಡಿ ಎಂದು ಸ್ವತಃ ನಿಂಟೆಂಡೊ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿತ್ತು.

ಸ್ವಚ್ಛ ಮಾಡುವ ಸರಿಯಾದ ಕ್ರಮ

1. ಕನ್ಸೋಲ್ ಆಫ್ ಮಾಡಿ, ಪ್ಲಗ್ ತೆಗೆಯಿರಿ.
2. ಮೊದಲು ಊದದೆ ಎರಡು ಮೂರು ಸಲ ನಿಧಾನವಾಗಿ ಕ್ಯಾಸೆಟ್ ತೆಗೆದು ಹಾಕಿ ನೋಡಿ.
3. ಆಗದಿದ್ದರೆ ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಸ್ವಲ್ಪವೇ ಅದ್ದಿ, ಲೋಹದ ಪಟ್ಟಿಗಳನ್ನು ಮಾತ್ರ ಒರೆಸಿ. 90 ಶೇಕಡಕ್ಕಿಂತ ಶುದ್ಧವಾದದ್ದು ಒಳ್ಳೆಯದು. ಹತ್ತಿ ಕಪ್ಪಾದರೆ ಬದಲಾಯಿಸಿ.
4. ಪೂರ್ತಿ ಒಣಗಿದ ಮೇಲೆಯೇ ಹಾಕಿ.

ನಿಂಟೆಂಡೊ ಕಾರ್ಟ್ರಿಜ್‌ಗಳ ಹಳೆಯ ಲೇಬಲ್‌ನಲ್ಲಿ ಆಲ್ಕೋಹಾಲ್, ತಿನ್ನರ್ ಬಳಸಬೇಡಿ ಎಂದು ಬರೆದಿದೆ. ಆದರೂ ಬೇಗ ಆರುತ್ತದೆ, ಕಲೆ ಬಿಡುವುದಿಲ್ಲ ಎಂಬ ಕಾರಣಕ್ಕೆ ಇಂದು ರಿಪೇರಿಯವರು ಐಸೊಪ್ರೊಪೈಲ್ ಅನ್ನೇ ಬಳಸುತ್ತಾರೆ. ಪ್ಲಾಸ್ಟಿಕ್‌ಗೂ ಲೇಬಲ್‌ಗೂ ತಾಗಿಸಬೇಡಿ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿನ ಗ್ಲಿಸರಿನ್ ಅಂಟು ಉಳಿಸುತ್ತದೆ. ಸ್ಯಾಂಡ್ ಪೇಪರ್, ಬ್ಲೇಡ್ ಬೇಡವೇ ಬೇಡ. ಅವು ಕಿಲುಬಿನ ಜೊತೆಗೆ ಲೇಪವನ್ನೂ ಕೆರೆದು ತೆಗೆಯುತ್ತವೆ.

ವಿದೇಶದಿಂದ ತಂದ ಯಂತ್ರವಾದರೆ ಇನ್ನೊಂದು ಎಚ್ಚರ. ಅಮೆರಿಕದ ಎನ್‌ಇಎಸ್ ಅಡಾಪ್ಟರ್ 120 ವೋಲ್ಟ್‌ಗೆ ಮಾಡಿದ್ದು. ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಎನ್‌ಇಎಸ್ ಅಡಾಪ್ಟರ್ ಹೊರಬಿಡುವುದು ಎಸಿ, ಫ್ಯಾಮಿಕಾಮ್‌ಗೆ ಬೇಕಾದದ್ದು ಡಿಸಿ. ತೂತಿಗೆ ಹಿಡಿಸಿತು ಎಂದ ಮಾತ್ರಕ್ಕೆ ಅಡಾಪ್ಟರ್ ಸರಿಯಾದದ್ದು ಎಂದಲ್ಲ.

ಸೇವ್ ಮಾಡಿದ ಆಟ ಮಾಯವಾಗುವುದೇಕೆ?

ಕೆಲವು ಆಟಗಳನ್ನು ಒಂದೇ ಕೂರಿಕೆಯಲ್ಲಿ ಮುಗಿಸಲು ಆಗುವುದಿಲ್ಲ. ‘ಮೆಗಾ ಮ್ಯಾನ್ 2’ ಇದಕ್ಕೆ ಪಾಸ್‌ವರ್ಡ್ ಕೊಡುತ್ತಿತ್ತು, ಆಡುವವರು ಪುಸ್ತಕದ ಹಿಂದೆ ಬರೆದಿಡುತ್ತಿದ್ದರು. 1987ರಲ್ಲಿ ಅಮೆರಿಕಕ್ಕೆ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ದ ಬಂಗಾರದ ಬಣ್ಣದ ಕಾರ್ಟ್ರಿಜ್ ಬೇರೆ ದಾರಿ ಹಿಡಿಯಿತು. ಒಳಗೆ ಒಂದು ಮೆಮೊರಿ ಚಿಪ್, ಅದಕ್ಕೆ ಸದಾ ಕರೆಂಟ್ ಕೊಡುವ ನಾಣ್ಯದ ಆಕಾರದ ಬ್ಯಾಟರಿ. ಆಟ ರೋಮ್‌ನಲ್ಲಿ ಭದ್ರ, ಆದರೆ ನಿಮ್ಮ ಸಾಧನೆ ಇರುವುದು ಈ ಬ್ಯಾಟರಿಯ ಜೀವ ಇರುವಷ್ಟು ದಿನ ಮಾತ್ರ.

1999ರಲ್ಲಿ ಜಪಾನಿನಲ್ಲಿ ಬಂದ ‘ಪೋಕೆಮಾನ್ ಗೋಲ್ಡ್’ ಮತ್ತು ‘ಸಿಲ್ವರ್’ ಕಾರ್ಟ್ರಿಜ್‌ಗಳಲ್ಲಿ ಇದೇ ಬ್ಯಾಟರಿ ಹಗಲು ರಾತ್ರಿ ಲೆಕ್ಕ ಇಡುವ ಗಡಿಯಾರವನ್ನೂ ಓಡಿಸುತ್ತದೆ. ಹಾಗಾಗಿ ಅದು ಇನ್ನೂ ಬೇಗ ಮುಗಿಯುತ್ತದೆ. ಬ್ಯಾಟರಿ ಬದಲಾಯಿಸಬಹುದು, ಆದರೆ ಹಳೆಯದನ್ನು ತೆಗೆದ ಕ್ಷಣ ಸೇವ್ ಅಳಿಸಿಹೋಗುತ್ತದೆ. ಬ್ಯಾಟರಿಗೆ ನೇರವಾಗಿ ಸೋಲ್ಡರ್ ಮಾಡಬೇಡಿ, ಬಿಸಿಗೆ ಸಿಡಿಯಬಹುದು. ಲೋಹದ ಪಟ್ಟಿ ಮೊದಲೇ ಬೆಸೆದಿರುವ ಬ್ಯಾಟರಿ ಸಿಗುತ್ತದೆ, ಅದನ್ನು ಕೆಲಸ ಗೊತ್ತಿರುವವರಿಂದ ಹಾಕಿಸಿ.

ಗಮನಿಸಿ: ತೆಗೆದ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ಇದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟು ಗಾಯವಾಗಬಹುದು. ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಸ ಟಿವಿಯಲ್ಲಿ ಬಾತುಕೋಳಿ ಯಾಕೆ ಸಾಯುವುದಿಲ್ಲ?

ಗನ್ ಹಿಡಿದು ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಆಟ ಎಲ್‌ಇಡಿ ಟಿವಿಯಲ್ಲಿ ನಡೆಯುವುದಿಲ್ಲ. ಗನ್ ಕೆಟ್ಟಿದೆ ಎಂದು ಎಸೆಯಬೇಡಿ. ಆ ಗನ್‌ನಿಂದ ಏನೂ ಹೊರಗೆ ಬರುವುದಿಲ್ಲ, ಅದು ಬೆಳಕನ್ನು ನೋಡುವ ಕಣ್ಣು ಮಾತ್ರ. ನೀವು ಕುದುರೆ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್‌ಗೆ ಆ ಬಿಳುಪು ಕಂಡರೆ ಗುರಿ ಸರಿ. ಇದೆಲ್ಲ ಸೆಕೆಂಡಿನ 60ನೇ ಒಂದು ಭಾಗದ ಲೆಕ್ಕದಲ್ಲಿ ನಡೆಯುತ್ತದೆ. ಹಳೆಯ ಡಬ್ಬಾ ಟಿವಿ ಚಿತ್ರವನ್ನು ಬಂದ ಹಾಗೇ ತೋರಿಸುತ್ತಿತ್ತು. ಹೊಸ ಟಿವಿ ಚಿತ್ರವನ್ನು ಸಂಸ್ಕರಿಸಿ ಸ್ವಲ್ಪ ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಗುರಿ ತಪ್ಪಿತು ಎಂದು ಆಟ ತೀರ್ಮಾನಿಸಿರುತ್ತದೆ.

ಮಾರಿಯೋ ಹಾರುವುದು ತಡವಾಗುತ್ತಿದೆ ಎನ್ನಿಸುವುದಕ್ಕೂ ಇದೇ ಕಾರಣ. ವಯಸ್ಸಾಯಿತು, ಕೈ ನಿಧಾನವಾಯಿತು ಎಂದು ಬೇಸರಪಡುವ ಮೊದಲು ಟಿವಿಯ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕಿ ನೋಡಿ.

ಹಳೆಯ ಕ್ಯಾಸೆಟ್‌ಗೆ ಕೋಟಿ ರೂಪಾಯಿಯೇ?

2021ರಲ್ಲಿ ಅಮೆರಿಕದ ಹರಾಜಿನಲ್ಲಿ ಒಂದು ‘ಸೂಪರ್ ಮಾರಿಯೋ 64’ ಕಾರ್ಟ್ರಿಜ್ 15.6 ಲಕ್ಷ ಡಾಲರ್‌ಗೆ ಮಾರಾಟವಾದದ್ದು ನಿಜ. ಆದರೆ ಅದು ಅಂಗಡಿಯಿಂದ ಬಂದ ಮೇಲೆ ಒಮ್ಮೆಯೂ ತೆರೆಯದ, ಸೀಲ್ ಒಡೆಯದ, ಗುಣಮಟ್ಟ ಪರೀಕ್ಷಿಸಿ ಅಂಕ ಕೊಟ್ಟಿದ್ದ ಪ್ರತಿ. ಆಡಿ ಸವೆದ ಕ್ಯಾಸೆಟ್‌ಗೆ ಆ ಬೆಲೆ ಇಲ್ಲ. ಮೊದಲ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ, ಅದು ಅಪರೂಪದ ವಸ್ತುವೇ ಅಲ್ಲ. ನಮ್ಮಲ್ಲಿ ಸಿಗುತ್ತಿದ್ದ ‘9999 ಇನ್ 1’ ಕ್ಯಾಸೆಟ್‌ಗಳು ನಕಲು. ಪಟ್ಟಿಯಲ್ಲಿ ಸಾವಿರಾರು ಹೆಸರುಗಳಿದ್ದರೂ ಒಳಗೆ ಇದ್ದದ್ದು ಕೆಲವೇ ಆಟಗಳು. ಅವೇ ಮತ್ತೆ ಮತ್ತೆ ಬರುತ್ತಿದ್ದವು.

ಇಷ್ಟೆಲ್ಲ ತಾಪತ್ರಯ ಇದ್ದೂ ಯಾಕೆ ಆಡುತ್ತಾರೆ?

ಬಾಲ್ಯದ ನೆನಪು ಒಂದು ಕಾರಣ, ಆದರೆ ಅದೊಂದೇ ಅಲ್ಲ. ಸ್ವಿಚ್ ಹಾಕಿದ ಕೂಡಲೇ ಆಟ ಶುರು. ಅಪ್‌ಡೇಟ್ ಇಲ್ಲ, ಲಾಗಿನ್ ಇಲ್ಲ, ಜಾಹೀರಾತು ಇಲ್ಲ, ಡೇಟಾ ಬೇಡ. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟದ ಗಾತ್ರ 40 ಕೆಬಿ. ನಿಮ್ಮ ಮೊಬೈಲಿಗೆ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು!

ಇನ್ನೊಂದು ಕಾರಣ ಗಂಭೀರವಾದದ್ದು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ 87 ಶೇಕಡ ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಮಾರಿಯೋದಂತಹ ಹೆಸರಾಂತ ಆಟಗಳನ್ನು ಕಂಪನಿಗಳೇ ಹೊಸ ಯಂತ್ರಗಳಲ್ಲಿ ಕೊಡುತ್ತಿವೆ. ಉಳಿದವು ಹಳೆಯ ಕಾರ್ಟ್ರಿಜ್‌ಗಳಲ್ಲಿ, ಸಂಗ್ರಹಕಾರರ ಕಪಾಟಿನಲ್ಲಿ ಉಳಿದಿವೆ. ಆನ್‌ಲೈನ್ ಅಂಗಡಿ ನಂಬಿದರೂ ಕಷ್ಟ. ನಿಂಟೆಂಡೊ 2023ರ ಮಾರ್ಚ್‌ನಲ್ಲಿ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಕೈಯಲ್ಲಿರುವ ಕಾರ್ಟ್ರಿಜ್ ಹಾಗೆ ಬಾಗಿಲು ಮುಚ್ಚುವುದಿಲ್ಲ. ಅದು ಹಾಳಾಗುವುದಿದ್ದರೆ ಕಿಲುಬಿನಿಂದ, ನಮ್ಮ ನಿರ್ಲಕ್ಷ್ಯದಿಂದ.

ನಮ್ಮ ತೀರ್ಮಾನ

‘ಕ್ಯಾಸೆಟ್‌ಗೆ ಊದಿದರೆ ಆಟ ಓಡುತ್ತದೆ’ ಎಂಬುದು ತಪ್ಪು ತಿಳಿವಳಿಕೆ. ಓಡಿಸುವುದು ತೆಗೆದು ಹಾಕುವ ಕ್ರಿಯೆ, ಊದುವುದರಿಂದ ಕಿಲುಬು ಹೆಚ್ಚುತ್ತದೆ. ಅಟ್ಟದಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ಒರೆಸಿ, ತೇವವಿಲ್ಲದ ಡಬ್ಬಿಯಲ್ಲಿಡಿ. ಮನೆಯಲ್ಲಿ ಯಾರಾದರೂ ಅದನ್ನು ಬಾಯಿಯ ಹತ್ತಿರ ಒಯ್ದರೆ, ಈ ಲೇಖನ ಅವರಿಗೆ ಫಾರ್ವರ್ಡ್ ಮಾಡಿ.