ಆಧಿಯಿಂದ ಜಪ್ತಿಯವರೆಗೆ: ಸೇಡಂ ಸೀಮೆಯಲ್ಲಿ ಭೂಮಿಯ ಒತ್ತೆಯ ಮೇಲಣ ಸಾಲವಸೂಲಿಯ ಇತಿಹಾಸ

ಸೇಡಂ ಸೀಮೆಯಲ್ಲಿ, ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ಸರ್ವವಿದಿತ. ಆದರೆ ಅದೇ ಸೀಮೆಯಲ್ಲಿ, ಶಹಾಬಾದಿನ ಸಮೀಪದ ಮರತೂರಿನೊಡನೆ, ಮಿತಾಕ್ಷರಾ ವ್ಯಾಖ್ಯಾನದ ಕರ್ತೃವಾದ ವಿಜ್ಞಾನೇಶ್ವರನ ಹೆಸರನ್ನು ಪರಂಪರೆಯು ಬೆಸೆದುಕೊಂಡು ಬಂದಿದೆಯೆಂಬುದನ್ನೂ, ಆ ಗ್ರಂಥದ ವ್ಯವಹಾರಾಧ್ಯಾಯವು ಸಾಲ ಮತ್ತು ಒತ್ತೆಗಳ ವಿಷಯದಲ್ಲಿ ವಿಸ್ತಾರವಾದ ನ್ಯಾಯವಿಚಾರವನ್ನು ಒಳಗೊಂಡಿದೆಯೆಂಬುದನ್ನೂ ಬಲ್ಲವರು ವಿರಳ. ಮರುಪಾವತಿಯಾಗದ ಸಾಲಕ್ಕಾಗಿ ಒತ್ತೆಯಿಟ್ಟ ಭೂಮಿಯನ್ನು ಸಾಲಕೊಟ್ಟ ಧನಿಕನು ಯಾವಾಗ, ಯಾವ ಕ್ರಮದಿಂದ, ಎಷ್ಟರ ಮಟ್ಟಿಗೆ ವಶಪಡಿಸಿಕೊಳ್ಳಬಹುದೆಂಬ ಪ್ರಶ್ನೆಗೆ ಈ ಸೀಮೆ ಕಂಡ ಉತ್ತರಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸ್ಮೃತಿಕಾಲದ ಮರ್ಯಾದೆಗಳು

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಯನ್ನು ವ್ಯಾಖ್ಯಾನಿಸುವಾಗ, ಒತ್ತೆಯಿರುವ ಸಾಲಕ್ಕೆ ತಿಂಗಳಿಗೆ ಮೂಲಧನದ ಎಂಬತ್ತನೆಯ ಒಂದು ಭಾಗವನ್ನು, ಎಂದರೆ ನೂರಕ್ಕೆ ಒಂದೂಕಾಲನ್ನು, ನ್ಯಾಯವಾದ ಬಡ್ಡಿಯೆಂದು ಸ್ಥಾಪಿಸುತ್ತಾನೆ. ಈ ದರದಲ್ಲಿ ಸಾಲವು ಇಮ್ಮಡಿಯಾಗಲು 80 ತಿಂಗಳು, ಆರು ವರ್ಷ ಎಂಟು ತಿಂಗಳು, ಬೇಕಾಗುತ್ತದೆ. ಇಮ್ಮಡಿಯಾದ ಮೇಲೂ ಬಿಡಿಸಿಕೊಳ್ಳದಿದ್ದ ಆಧಿಯು, ಎಂದರೆ ಒತ್ತೆಯು, ಋಣಿಯ ಕೈತಪ್ಪುವುದೆಂದೂ, ಗಡುವು ಗೊತ್ತುಮಾಡಿದ ಆಧಿಯು ಆ ಗಡುವಿಗೆ ಕೈತಪ್ಪುವುದೆಂದೂ, ಆದರೆ ಫಲವನ್ನು ಧನಿಕನು ಅನುಭವಿಸುತ್ತಿರುವ ಭೋಗ್ಯಾಧಿಯು ಎಂದಿಗೂ ಕೈತಪ್ಪದೆಂದೂ ಸ್ಮೃತಿಯು ವಿಧಿಸುತ್ತದೆ. ಗಡುವು ತೀರಿದಾಗಲೂ ಎರಡು ವಾರ ಕಾದು ಋಣಿಗೆ ಕಡೆಯ ಅವಕಾಶ ಕೊಡಬೇಕೆಂಬ ಸ್ಮೃತಿವಚನವನ್ನು ವ್ಯಾಖ್ಯಾನಕಾರನು ಎತ್ತಿಕೊಂಡಿದ್ದಾನೆ. ಬೆಳೆ ಬೆಳೆಯುವ ಹೊಲವು ಸ್ವಭಾವತಃ ಭೋಗ್ಯಾಧಿಯೇ ಆದುದರಿಂದ, ಮೂಲಧನವನ್ನು ಹಿಂದಿರುಗಿಸಿದ ದಿನ ಹೊಲವು ಒಡೆಯನಿಗೆ ಮರಳಲೇಬೇಕೆಂಬುದು ಈ ನಿಯಮದ ಫಲಿತಾರ್ಥ.

ವಸೂಲಿಯ ಉಪಾಯಗಳಲ್ಲಿಯೂ ತಾರತಮ್ಯವಿದ್ದಿತು. ಸಾಮದ ಮಾತು, ಸಾಕ್ಷಿ ಮತ್ತು ಲೇಖ್ಯಗಳಿಂದ ಸಾಧಿಸುವ ವ್ಯವಹಾರ, ಹಬ್ಬದ ನೆಪದಲ್ಲಿ ಒಡವೆಯನ್ನು ಎರವು ತಂದು ಇಟ್ಟುಕೊಳ್ಳುವ ಛಲ, ಉಣ್ಣದೆ ಹಟಹಿಡಿಯುವ ಆಚರಿತ, ಸಂಕೋಲೆ ತೊಡಿಸುವ ಬಲ ಎಂಬ ಐದನ್ನು ಮಿತಾಕ್ಷರಾ ವಿವರಿಸುತ್ತದೆ. ಇವುಗಳಲ್ಲಿ ಕೆಲವು ನಮಗೆ ಇಂದು ಒಪ್ಪತಕ್ಕವಲ್ಲ. ವರ್ಣಾನುಸಾರವಾಗಿ ಬಡ್ಡಿಯನ್ನು ಏರಿಳಿಸಿದ ವಿಧಿಯೂ ಒಪ್ಪತಕ್ಕುದಲ್ಲ. ಆದರೂ ಬಡ್ಡಿಗೊಂದು ಎಲ್ಲೆ, ಬಿಡುಗಡೆಗೊಂದು ಕಾಲ ಎಂಬ ಎರಡು ತತ್ತ್ವಗಳು ಇಲ್ಲಿ ಸ್ಪಷ್ಟವಾಗಿ ಮೂಡಿರುವುದನ್ನು ಅಲ್ಲಗಳೆಯಲಾಗದು.

ನಿಜಾಮರ ಆಳ್ವಿಕೆ

ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿದ್ದ ಈ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ಬಂದುವು. ದಿವಾನ ಸಾಲಾರ್ ಜಂಗರ 1865ರ ಜಿಲ್ಲಾಬಂದಿಯ, ಎಂದರೆ ಜಿಲ್ಲಾವಾರು ಆಡಳಿತದ ಏರ್ಪಾಡಿನ, ತರುವಾಯ ಕಂದಾಯವು ನಗದಿನ ಕಿಸ್ತಾಗಿ ನೆಲೆಗೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವ ರೈಲು ತೆರೆದು, ಒಳನಾಡಿನ ಧಾನ್ಯಕ್ಕೂ ಹತ್ತಿಗೂ ದೂರದ ಪೇಟೆಯ ಧಾರಣೆ ತಗುಲಿತು. 1884ರಲ್ಲಿ ಪಾರಸಿಯ ಸ್ಥಾನದಲ್ಲಿ ಉರ್ದುವು ನ್ಯಾಯಾಲಯದ ಭಾಷೆಯಾಯಿತು. ಪಟ್ಟಾ ಹೊಂದಿದ ರೈತನ ಹೊಲಕ್ಕೆ ಬೆಲೆ ಬಂದುದೇ ತಡ, ಅದು ಸಾಹುಕಾರನ ಕಣ್ಣಿಗೆ ಸಾಲದ ಆಧಾರವಾಗಿ ಕಂಡಿತು. ಮಳೆ ಬರಲಿ ಬಾರದಿರಲಿ ಕಿಸ್ತು ಕಟ್ಟಲೇಬೇಕಾದ ಒಕ್ಕಲಿಗನು, ಬಿತ್ತನೆಗೂ ಮದುವೆಗೂ ಎತ್ತಿಗೂ ಸಾಲಮಾಡಿ, ರಹನ್ ಬಾ ಕಬ್ಜಾ ಎಂದರೆ ಸ್ವಾಧೀನದ ಅಡಮಾನವನ್ನೋ, ಬೆಯ್ ಬಿಲ್ ವಫಾ ಎಂದರೆ ಮುದ್ದತು ಕ್ರಯವನ್ನೋ ಬರೆದುಕೊಡುತ್ತಿದ್ದನು.

ಮುದ್ದತು ಕ್ರಯದ ರಚನೆಯನ್ನು ಹತ್ತಿರದಿಂದ ನೋಡುವುದು ಅವಶ್ಯ. ಮೇಲ್ನೋಟಕ್ಕೆ ಅದು ಮಾರಾಟ. ಇಂತಿಷ್ಟು ವರ್ಷಗಳೊಳಗೆ ಹಣ ಹಿಂದಿರುಗಿಸಿದರೆ ಮಾತ್ರ ಹೊಲ ಮರಳುವುದೆಂಬ ಷರತ್ತು ಅದಕ್ಕೆ ಅಂಟಿಕೊಂಡಿರುತ್ತದೆ. ಆ ಷರತ್ತಿನ ಅವಧಿ ಮುಗಿದೊಡನೆ ಕ್ರಯವು ಪೂರ್ಣವಾಯಿತೆಂದು ಸಾಹುಕಾರನು ವಾದಿಸಬಲ್ಲನು. ಕನ್ನಡವನ್ನೋ ತೆಲುಗನ್ನೋ ಆಡುವ ರೈತನು ತನಗೆ ಓದಲು ಬಾರದ ಉರ್ದು ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬರುವಾಗ, ತಾನು ಒತ್ತೆಯಿಟ್ಟೆನೋ ಮಾರಿದೆನೋ ಎಂಬುದನ್ನು ತಿಳಿಯಲು ಅವನಿಗೆ ಬರೆದವನ ಬಾಯಿಮಾತಿನ ಹೊರತು ಬೇರೆ ಆಧಾರವಿರಲಿಲ್ಲ.

ಇಂತಹ ಅನ್ಯಾಯವು ನೆರೆಯ ಮುಂಬಯಿ ಪ್ರಾಂತದಲ್ಲಿ 1875ರ ದಖ್ಖನಿನ ದಂಗೆಗಳಾಗಿ ಸಿಡಿದಾಗ, ರೈತರು ಸಾಲಪತ್ರಗಳನ್ನು ಕಿತ್ತುಕೊಂಡು ಸುಟ್ಟರು. ಅದರ ಪರಿಣಾಮವಾಗಿ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು, ಪತ್ರದ ಹಿಂದಿನ ಲೆಕ್ಕವನ್ನು ಆದಿಯಿಂದ ಶೋಧಿಸುವ ಅಧಿಕಾರವನ್ನು ಪುಣೆ, ಸಾತಾರ, ಅಹಮದನಗರ, ಸೊಲ್ಲಾಪುರ ಜಿಲ್ಲೆಗಳ ನ್ಯಾಯಾಲಯಗಳಿಗೆ ನೀಡಿತು. ಸೊಲ್ಲಾಪುರದ ಗಡಿಗೆ ಹೊಂದಿಕೊಂಡ, ಸೇಡಂ ಸೇರಿದ್ದ ಗುಲಬರ್ಗಾ ಜಿಲ್ಲೆಯ ರೈತನಾದರೋ ಮತ್ತೆ ಅರವತ್ತು ವರ್ಷ ಕಾಯಬೇಕಾಯಿತು. 1929–30ರಲ್ಲಿ ಎಸ್. ಕೇಶವ ಅಯ್ಯಂಗಾರರು ನಡೆಸಿದ ಆರ್ಥಿಕ ಸಮೀಕ್ಷೆಯೂ, 1937ರ ಭರೂಚಾ ವರದಿಯೂ ರೈತರ ಋಣಭಾರವನ್ನು ಸರ್ಕಾರದ ಗಮನಕ್ಕೆ ತಂದ ಮೇಲೆ, ಫಸಲಿ 1349ರಲ್ಲಿ (1939–40) ಕೃಷಿಭೂಮಿಯ ಪರಭಾರೆಯನ್ನು ತಡೆಯುವ ಕಾಯಿದೆಯೂ ಲೇವಾದೇವಿಗಾರರ ಕಾಯಿದೆಯೂ ಜಾರಿಗೆ ಬಂದುವು. 1900ರ ಪಂಜಾಬಿನ ಕಾಯಿದೆಯ ಮಾದರಿಯಲ್ಲಿ, ರಕ್ಷಿತ ವರ್ಗದ ಕೃಷಿಕನು ಕೃಷಿಕನಲ್ಲದವನಿಗೆ ಮನಬಂದಂತೆ ಭೂಮಿಯನ್ನು ಮಾರುವುದಕ್ಕೆ ನಿರ್ಬಂಧ ಒದಗಿತು.

ಸಹಕಾರ ಮತ್ತು ಬ್ಯಾಂಕುಗಳ ಯುಗ

ನಿಷೇಧದಿಂದ ಮಾತ್ರ ಸಾಲದ ಅಗತ್ಯವು ನೀಗದು. ಅದಕ್ಕೆ ಬದಲಿ ಮೂಲವೊಂದು ಬೇಕು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತೊಡಗಿಸಿದ ಸಹಕಾರ ಚಳವಳಿ, 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಭೂ ಅಡಮಾನ ಬ್ಯಾಂಕು ಇವು ಆ ಮೂಲಕ್ಕೆ ದಾರಿ ತೋರಿದುವು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ, 1959ರ ಸಹಕಾರ ಸಂಘಗಳ ಕಾಯಿದೆಯ ಆಶ್ರಯದಲ್ಲಿ ಜನರು ಪಿ.ಎಲ್.ಡಿ. ಬ್ಯಾಂಕೆಂದು ಕರೆಯುವ ಪ್ರಾಥಮಿಕ ಭೂ ಅಭಿವೃದ್ಧಿ ಬ್ಯಾಂಕುಗಳು ತಾಲ್ಲೂಕುಗಳಲ್ಲಿ ಬಾವಿಗೂ ಪಂಪಿಗೂ ಸಾಲ ನೀಡತೊಡಗಿದುವು. ಸಾಲವೇರಿದ ಹೊಲದ ಪಹಣಿಯ 11ನೆಯ ಅಂಕಣದಲ್ಲಿ ‘ಬೋಜಾ’, ಎಂದರೆ ಸಾಲದ ಹೊರೆ, ದಾಖಲಾಗುತ್ತದೆ. ಅದು ಇಳಿಯುವವರೆಗೆ ಹೊಲವನ್ನು ನಿರಾತಂಕವಾಗಿ ಮಾರಲು ಬಾರದು. ತೊಗರಿಯ ಬೆಳೆ ಕೈಕೊಟ್ಟ ವರ್ಷ ಈ ಒಂದು ನಮೂದೇ ಮನೆಯ ಮಾತುಕತೆಯನ್ನೆಲ್ಲ ಆವರಿಸುತ್ತದೆ. 1976ರ ಋಣ ಪರಿಹಾರ ಕಾಯಿದೆಯು ಸಣ್ಣ ರೈತರನ್ನೂ ಭೂಹೀನರನ್ನೂ ಖಾಸಗಿ ಲೇವಾದೇವಿಯ ಋಣದಿಂದ ಬಿಡಿಸಿತಾದರೂ, ಸಾಂಸ್ಥಿಕ ಸಾಲಗಳನ್ನು ಅದರ ಹೊರಗಿರಿಸಿತು.

ಅತ್ತ ವಾಡಿ, ಶಹಾಬಾದ, ಸೇಡಂಗಳ ಸಿಮೆಂಟು ಮತ್ತು ಕಲ್ಲುಗಣಿಗಳ ಆಶ್ರಯದಲ್ಲಿ ಬೆಳೆದ ಪಟ್ಟಣಗಳ ಮನೆ, ಮಳಿಗೆ, ಕಾರ್ಖಾನೆಗಳ ಸಾಲಗಳಿಗೆ ಬೇರೆಯೇ ನ್ಯಾಯ ಪ್ರಾಪ್ತವಾಯಿತು. ಅಡಮಾನದ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ, ಅಮಲುಜಾರಿ ಎಂದು ವರ್ಷಗಟ್ಟಲೆ ಎಳೆಯುತ್ತಿದ್ದ ವಸೂಲಿಯನ್ನು ತ್ವರಿತಗೊಳಿಸಲು 1993ರಲ್ಲಿ ಸಾಲವಸೂಲಿ ನ್ಯಾಯಾಧಿಕರಣಗಳೂ, 2002ರಲ್ಲಿ ಸರ್ಫೇಸಿ ಕಾಯಿದೆಯೂ ಬಂದುವು. ಈ ಕಾಯಿದೆಯಂತೆ 60 ದಿನಗಳ ನೋಟೀಸಿನ ತರುವಾಯ ಬ್ಯಾಂಕು ದಾವೆ ಹೂಡದೆಯೇ ಒತ್ತೆಯ ಸ್ವತ್ತನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಕಾಯಿದೆಯನ್ನು ಎತ್ತಿಹಿಡಿದು, ನ್ಯಾಯ ಕೇಳುವ ಮುನ್ನವೇ ಬಾಕಿಯ ನೂರಕ್ಕೆ 75ರಷ್ಟನ್ನು ಠೇವಣಿಯಿಡಬೇಕೆಂಬ ಷರತ್ತನ್ನು ಮಾತ್ರ ತೊಡೆದುಹಾಕಿತು. 2020ರಲ್ಲಿ ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವುಂಟೆಂದು ಸಂವಿಧಾನ ಪೀಠವು ನಿರ್ಣಯಿಸಿತು. ಆದರೆ ಕೃಷಿಭೂಮಿಯನ್ನು ಸರ್ಫೇಸಿ ಕಾಯಿದೆಯ 31ನೆಯ ಕಲಮು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಭೋಗ್ಯಾಧಿಗೆ ವಿಜ್ಞಾನೇಶ್ವರನು ಒಪ್ಪಿದ್ದ ವಿಶೇಷ ರಕ್ಷಣೆಗೂ ಇದಕ್ಕೂ ನೇರವಾದ ವಂಶಸಂಬಂಧವಿಲ್ಲ. ಆದರೆ ಅನ್ನವೀಯುವ ನೆಲವನ್ನು ಉಳಿದ ಸೊತ್ತಿನಂತೆ ಎಣಿಸಲಾಗದೆಂಬ ವಿವೇಕವು ಎರಡರಲ್ಲಿಯೂ ಸಮಾನವಾಗಿದೆ.

ಉಪಸಂಹಾರ

ಕೊಟ್ಟ ಸಾಲವು ಮರಳಬೇಕೆಂಬುದನ್ನು ಯಾವ ಯುಗವೂ ನಿರಾಕರಿಸಲಿಲ್ಲ. ಮರಳದ ಸಾಲವು ಠೇವಣಿದಾರನ ಉಳಿತಾಯವನ್ನೂ ಮುಂದಿನ ರೈತನ ಸಾಲವನ್ನೂ ನುಂಗುತ್ತದೆ. ಆದರೆ ಬಡ್ಡಿಯ ಎಲ್ಲೆ, ಬಿಡುಗಡೆಯ ಕಾಲ, ಋಣಿಗೆ ಅರ್ಥವಾಗುವ ಪತ್ರ ಈ ಮೂರರಲ್ಲಿ ಒಂದು ತಪ್ಪಿದಾಗಲೆಲ್ಲ ವಸೂಲಿಯು ಅಪಹರಣವಾಗಿ ಪರಿಣಮಿಸಿತೆಂದು ಈ ಸೀಮೆಯ ಇತಿಹಾಸವು ಸಾರುತ್ತದೆ. ಮೊದಲೆರಡಕ್ಕೆ ಇಂದಿನ ಶಾಸನವು ತಕ್ಕಮಟ್ಟಿಗೆ ದಾರಿ ಮಾಡಿದೆ. ಮೂರನೆಯದು ಇನ್ನೂ ಅಪೂರ್ಣ: ಸ್ವಾಧೀನದ ಪ್ರಕಟಣೆಯು ಒಂದು ದೇಶಭಾಷಾ ಪತ್ರಿಕೆಯಲ್ಲಿ ಬರಬೇಕೆಂದು ನಿಯಮವಿದೆ, ಆದರೆ ಅಷ್ಟು ಹೊತ್ತಿಗೆ ಋಣಿಯ 60 ದಿನಗಳು ಕಳೆದುಹೋಗಿರುತ್ತವೆ. ಆದಕಾರಣ ಸಾಲಪತ್ರವೂ ಮೊದಲ ನೋಟೀಸೂ ಕನ್ನಡದಲ್ಲಿಯೇ ಋಣಿಯ ಕೈಸೇರಬೇಕೆಂದು ನಮ್ಮ ಬ್ಯಾಂಕುಗಳೂ ಸಹಕಾರ ಇಲಾಖೆಯೂ ಕಟ್ಟುನಿಟ್ಟಾಗಿ ಗೊತ್ತುಪಡಿಸಬೇಕು. ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಂಡವರ ನಾಡಿನಲ್ಲಿ ಇದು ಅತ್ಯಲ್ಪವಾದ, ಆದರೆ ಇನ್ನು ಮುಂದೂಡಬಾರದ ನ್ಯಾಯ.