ಕುಣಿಕೆಗೆ ಕುಣಿಕೆ: ಇಳಕಲ್ ಸೀರೆ ಮತ್ತು ಸಾಫ್ಟ್‌ವೇರಿನ ಪದರಗಳು

ಕಂಪ್ಯೂಟರಿನ ಇತಿಹಾಸ ಬರೆಯುವವರು ಮಗ್ಗದ ಮಾತು ಎತ್ತುವುದು ಹೊಸದಲ್ಲ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ 1804ರ ಹೊತ್ತಿಗೆ ತೂತು ಕೊರೆದ ರಟ್ಟಿನ ಕಾರ್ಡುಗಳಿಂದ ನಡೆಯುವ ಮಗ್ಗವನ್ನು ರೂಪಿಸಿದ. ಚಾರ್ಲ್ಸ್ ಬ್ಯಾಬೇಜ್ ಆ ಕಾರ್ಡುಗಳ ಉಪಾಯವನ್ನು ತನ್ನ ಅನಲಿಟಿಕಲ್ ಎಂಜಿನ್ನಿಗೆ ಎರವಲು ಪಡೆದ. 1843ರಲ್ಲಿ ಏಡಾ ಲವ್‌ಲೇಸ್ ಆ ಯಂತ್ರದ ಬಗ್ಗೆ ಬರೆದ ಟಿಪ್ಪಣಿಗಳಲ್ಲಿ ಜಕಾರನ ಮಗ್ಗವನ್ನೇ ಹೋಲಿಕೆಗೆ ತಂದಳು. ಕತೆ ನಿಜ. ಆದರೆ ಅದು ಹೇಳುವುದು ಒಂದೇ ಸಂಗತಿ: ನೇಕಾರನ ಕೈಯಲ್ಲಿದ್ದ ವಿನ್ಯಾಸವನ್ನು ಬಿಡಿಸಿಕೊಂಡು ಬೇರೆಡೆ ಬರೆದಿಡಬಹುದು ಎಂಬುದು.

ಸಾಫ್ಟ್‌ವೇರ್ ಕಟ್ಟುವವರು ಅಬ್‌ಸ್ಟ್ರಾಕ್ಷನ್ ಎನ್ನುವ, ನಾವು ಅಮೂರ್ತೀಕರಣ ಎನ್ನುವ ವಿದ್ಯೆ ಅಷ್ಟಕ್ಕೇ ಮುಗಿಯುವುದಿಲ್ಲ. ಒಳಗಿನ ವಿವರವನ್ನು ಮರೆಮಾಡಿ, ಹೊರಗಿನವರಿಗೆ ಒಂದು ಮಾತನ್ನಷ್ಟೇ ಕೊಡುವುದು, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಅದರ ಇನ್ನೊಂದು ಅರ್ಧ. ಆ ಅರ್ಧವನ್ನು ತಿಳಿಯಲು ನನಗೆ ಜಕಾರನ ಮಗ್ಗಕ್ಕಿಂತ ಬಾಗಲಕೋಟೆ ಜಿಲ್ಲೆಯ ಕುಣಿಮಗ್ಗ ಹೆಚ್ಚು ನೆರವಾಗುತ್ತದೆ.

ಇಳಕಲ್ ಬಹುಕಾಲ ಹುನಗುಂದ ತಾಲ್ಲೂಕಿಗೆ ಸೇರಿದ್ದ ಊರು. ಅಲ್ಲಿನ ಕೈಮಗ್ಗದ ಸೀರೆಗೆ ಹಾಸು ಒಂದಲ್ಲ, ಮೂರು: ಒಡಲಿಗೊಂದು, ದಡಿಗೊಂದು, ಸೆರಗಿಗೊಂದು. ಮೂರನ್ನೂ ಬೇರೆಬೇರೆಯಾಗಿ ತಯಾರಿಸುತ್ತಾರೆ. ಒಡಲಿನ ಎಳೆಗಳು ಮುಗಿಯುವಲ್ಲಿ ಕುಣಿಕೆಗಳಾಗಿ ನಿಲ್ಲುತ್ತವೆ. ಸೆರಗಿನ ಎಳೆಗಳು ಆ ಕುಣಿಕೆಗಳೊಳಗೆ ಹಾದು ಸೇರಿಕೊಳ್ಳುತ್ತವೆ. ಹೀಗೆ ಕೂಡಿಸುವ ಕ್ರಮಕ್ಕೆ ಟೋಪ್ ತೆನಿ ಎಂದು ಹೆಸರು. ಹೊಕ್ಕಿನಲ್ಲಿ ಮೂರು ಲಾಳಿಗಳು ಓಡಾಡುತ್ತ ಎರಡು ಬದಿಯ ದಡಿಯನ್ನೂ ನಡುವಿನ ಒಡಲನ್ನೂ ಹಿಡಿದು ಬೆಸೆಯುತ್ತವೆ, ಅದು ಕೊಂಡಿ. ಈ ಜೋಡಣೆಯ ಕಾರಣಕ್ಕೇ ಮಗ್ಗಕ್ಕೆ ಒಂದು ಸೀರೆಗಾಗುವಷ್ಟೇ ಹಾಸು ಏರುತ್ತದೆ. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಕುಣಿಕೆಗೆ ಕುಣಿಕೆ ಕೂಡಿಸಬೇಕು.

ಒಡಲು ಹತ್ತಿಯದಾಗಬಹುದು, ರೇಷ್ಮೆಯದಾಗಬಹುದು. ಸೆರಗು ಅಪ್ಪಟ ರೇಷ್ಮೆಯದಿರಬಹುದು, ಕೃತಕ ರೇಷ್ಮೆಯದೂ ಇರಬಹುದು. ಒಂದನ್ನು ಬದಲಿಸಿದರೆ ಇನ್ನೊಂದನ್ನು ಬದಲಿಸಬೇಕಾಗಿಲ್ಲ. ಕೂಡುವ ಗೆರೆಯಲ್ಲಿ ಲೆಕ್ಕ ತಪ್ಪದಿದ್ದರೆ ಸಾಕು. 1972ರಲ್ಲಿ ಡೇವಿಡ್ ಪಾರ್ನಾಸ್ ಬರೆದ ಪ್ರಸಿದ್ಧ ಪ್ರಬಂಧದ ತಿರುಳು ಇದಕ್ಕೆ ಬಹಳ ಹತ್ತಿರ. ಪ್ರೋಗ್ರಾಮನ್ನು ಕೆಲಸದ ಹಂತಗಳಿಗೆ ತಕ್ಕಂತೆ ಸೀಳಬೇಡಿ. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಬಚ್ಚಿಡಿ ಎಂದು ಆತ ವಾದಿಸಿದ. ಪಾರ್ನಾಸ್ ಇಳಕಲ್ ಸೀರೆ ನೋಡಿ ಕಲಿತ ಎಂದು ನಾನು ಹೇಳುತ್ತಿಲ್ಲ. ದೊಡ್ಡದನ್ನು ಹಲವು ಕೈಗಳು ಕೂಡಿ ಕಟ್ಟುವಲ್ಲೆಲ್ಲ ಈ ವಿವೇಕ ಹುಟ್ಟುತ್ತದೆ ಎನ್ನುತ್ತಿದ್ದೇನೆ.

ಇದೇ ಜಿಲ್ಲೆಯ ಬಾದಾಮಿ ತಾಲ್ಲೂಕಿನಲ್ಲಿ, ಪಟ್ಟದಕಲ್ಲಿನಲ್ಲಿ, ಅದು ಕಲ್ಲಿನಲ್ಲೂ ಕಾಣುತ್ತದೆ. ಎರಡನೆಯ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಿಖರವನ್ನು ನೋಡಿ. ಅಂತಸ್ತು ಅಂತಸ್ತಿನಲ್ಲೂ ಪುಟ್ಟ ಗುಡಿಗಳ ಸಾಲು: ಚೌಕದ್ದು ಕೂಟ, ಉದ್ದನೆಯದು ಶಾಲಾ. ಅವುಗಳ ಒಳಗೆ ಯಾರೂ ಹೋಗಲಾರರು. ಅವು ಗುಡಿಯ ರೂಪ ಮಾತ್ರ. ಆ ರೂಪಕ್ಕೊಂದು ಹೆಸರು ಬಿದ್ದ ಮೇಲೆ ಅದನ್ನು ಹಿಗ್ಗಿಸಿ, ಕುಗ್ಗಿಸಿ, ಸಾಲಾಗಿಟ್ಟು ದೊಡ್ಡ ಗುಡಿಯನ್ನೇ ಕಟ್ಟಬಹುದು. ಅಲ್ಲಿನ ಶಾಸನ ಗುಂಡ ಎಂಬ ಶಿಲ್ಪಿಯನ್ನು ಸೂತ್ರಧಾರಿ ಎಂದು ಕರೆಯುತ್ತದೆ. ಸೂತ್ರವೆಂದರೆ ದಾರವೂ ಹೌದು, ಹಲವನ್ನು ಅಡಕ ಮಾಡಿದ ನಿಯಮವೂ ಹೌದು.

ಕಂಪ್ಯೂಟರಿನ ಪದರಗಳು ಏರಿದ್ದು ಇನ್ನೂ ಬೇಗ. 1952ರಲ್ಲಿ ಗ್ರೇಸ್ ಹಾಪರ್ ಎ-0 ಎಂಬ ಕಂಪೈಲರ್ ಸಿದ್ಧಪಡಿಸಿದಳು. 1957ರಲ್ಲಿ ಐಬಿಎಂನ ಫೋರ್ಟ್ರಾನ್ ಬಂತು. ಬೀಜಗಣಿತದಂತೆ ಬರೆದರೆ ಯಂತ್ರದ ಭಾಷೆಗೆ ಇಳಿಸುವ ಕೆಲಸ ಅದರದಾಯಿತು. ಇಂದು ಮೊಬೈಲಿನಲ್ಲಿ ‘ಕ್ಷ’ ಬರೆಯುವವರಿಗೆ ಅದು ಒಂದು ಅಕ್ಷರ. ಯೂನಿಕೋಡಿಗೆ ಅದು ಮೂರು ಸಂಕೇತ: ಕ, ವಿರಾಮ ಚಿಹ್ನೆ, ಷ. ನಮಗೆ ಇದು ತಿಳಿಯಬೇಕಾಗಿಲ್ಲ, ಅಳಿಸುವ ಕೀಲಿ ಒತ್ತುವವರೆಗೆ. ಆಗ ಒತ್ತಕ್ಷರ ಒಡೆದು ‘ಕ್’ ಉಳಿಯುತ್ತದೆ, ಕೆಳಗಿನ ಪದರ ಇಣುಕುತ್ತದೆ. ಇಂಥ ಸೋರಿಕೆ ಯಾವ ಅಮೂರ್ತೀಕರಣಕ್ಕೂ ತಪ್ಪಿದ್ದಲ್ಲ ಎಂದು ಜೋಯಲ್ ಸ್ಪೋಲ್‌ಸ್ಕಿ 2002ರಲ್ಲೇ ಬರೆದ.

ಸೋರಿಕೆಗಿಂತ ನನ್ನನ್ನು ಹೆಚ್ಚು ಕಾಡುವುದು ಮರೆವು. 2016ರ ಮಾರ್ಚಿನಲ್ಲಿ ಒಬ್ಬ ಪ್ರೋಗ್ರಾಮರ್ ತಾನು ಬರೆದಿದ್ದ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ತುಣುಕನ್ನು ಎನ್‌ಪಿಎಂ ಭಂಡಾರದಿಂದ ತೆಗೆದುಹಾಕಿದ. ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟುಗಳ ಕೆಲಸ ನಿಂತಿತು. ಅವುಗಳಲ್ಲಿ ಎಷ್ಟೋ ತಂಡಗಳಿಗೆ ತಾವು ಆ 11 ಸಾಲಿನ ಮೇಲೆ ನಿಂತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ವಿವರವನ್ನು ಮರೆಮಾಡುವುದು ಬೇರೆ, ವಿವರ ನೋಡಿಕೊಳ್ಳುವವರನ್ನು ಮರೆಯುವುದು ಬೇರೆ. ಮೊದಲನೆಯದು ವಿದ್ಯೆ. ಎರಡನೆಯದು ಆ ವಿದ್ಯೆ ಕಲಿಸಿಬಿಡುವ ದುರಭ್ಯಾಸ.

ಸೀರೆಗೂ ಇದೇ ಗತಿ ಬಂದಿದೆ. ಕೆಂಪು ಸೆರಗು, ಬಿಳಿಯ ತೆನೆ, ಅಗಲ ದಡಿ ಇವಿಷ್ಟಿದ್ದರೆ ಅಂಗಡಿಯಲ್ಲಿ ಅದು ಇಳಕಲ್ ಸೀರೆ. ಆ ನೋಟವನ್ನು ವಿದ್ಯುತ್ ಮಗ್ಗವೂ ನೇಯುತ್ತದೆ, ಕಡಿಮೆ ಬೆಲೆಗೆ. ಕೊಳ್ಳುವವರನ್ನು ದೂರುವಂತಿಲ್ಲ, ಕೈಮಗ್ಗದ್ದು ಎಲ್ಲರ ಕೈಗೆ ಎಟುಕುವುದೂ ಇಲ್ಲ. ಆದರೆ ಸೀರೆ ಎಂದರೆ ನೋಟ ಮಾತ್ರ ಎಂದಾದಾಗ ಕುಣಿಕೆಗೆ ಕುಣಿಕೆ ಕೂಡಿಸುವ ಕೆಲಸಕ್ಕೆ ಬೆಲೆ ಕಟ್ಟುವವರು ಇಲ್ಲವಾಗುತ್ತಾರೆ. ಬೆಲೆಯಿಲ್ಲದ ಕೆಲಸವನ್ನು ಮಕ್ಕಳು ಕಲಿಯುವುದಿಲ್ಲ. ಒಮ್ಮೆ ಕೈಬಿಟ್ಟರೆ, ಸೆರಗನ್ನು ಬೇರೆಯಾಗಿ ನೇಯ್ದು ಒಡಲಿಗೆ ಕೂಡಿಸಬಹುದು ಎಂಬ ಅರಿವೇ ಹೊರಟುಹೋಗುತ್ತದೆ.

ಕಂಪ್ಯೂಟರ್ ಓದುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ. ಎಲ್ಲ ಪದರಗಳನ್ನೂ ಬಲ್ಲವರು ಯಾರೂ ಇಲ್ಲ, ಇರಬೇಕಾಗಿಯೂ ಇಲ್ಲ. ನೀವು ನಿಂತ ಪದರದ ಕೆಳಗಿನ ಒಂದನ್ನಾದರೂ ಬಿಚ್ಚಿ ನೋಡಿ, ಅದನ್ನು ಯಾರು ಕಾಯುತ್ತಿದ್ದಾರೆ ಎಂದು ಕೇಳಿ. ಮನೆಯಲ್ಲಿ ಇಳಕಲ್ ಸೀರೆಯಿದ್ದರೆ ಅಲ್ಲಿಂದಲೇ ಶುರುಮಾಡಬಹುದು: ಸೆರಗು ಮಗುಚಿ, ಅದು ಒಡಲನ್ನು ಕೂಡುವ ಗೆರೆಯ ಮೇಲೆ ಬೆರಳಾಡಿಸಿ.